ಕಂಬದ ನೆರಳು ಮತ್ತು ಭರಣಿ ಮಳೆ

ಏಪ್ರಿಲ್ ಕೊನೆಯ ವಾರ. ಅಮ್ಮ ತಾರಸಿಯಲ್ಲಿ ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದರು. ಕಾಗೆ ಕಾಯೋದು ನನ್ನ ಪಾಲಿನ ಕೆಲಸ. ಸುಮ್ನೆ ಕೂತಿದ್ದಾಗ ಬಟ್ಟೆ ತಂತಿ ಕಟ್ಟಿದ ಕಬ್ಬಿಣದ ಕಂಬದ ಮೇಲೆ ಕಣ್ಣು ಬಿತ್ತು. ಆಳೆತ್ತರದ ಕಂಬ, ನೆರಳೇ ಇಲ್ಲ! ಗಂಟೆ 12:17.

ಬೆಂಗಳೂರಿನಲ್ಲಿ ಇದು ವರ್ಷಕ್ಕೆ ಎರಡು ಸಲ ಆಗುತ್ತದೆ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಹುಬ್ಬಳ್ಳಿಗೆ ಈ ದಿನ ಬರುವುದು ಮೇ 2ರ ಆಸುಪಾಸು, ಬೀದರಿಗೆ ಮೇ ಎರಡನೇ ವಾರ. ಅದಾದ ಮೇಲೆ ಸೂರ್ಯ ನಮ್ಮನ್ನು ದಾಟಿ ಉತ್ತರಕ್ಕೆ ಹೋಗುತ್ತಾನೆ, ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ.

ಜೂನ್ 21ರವರೆಗೆ ಹಗಲು ಉದ್ದವಾಗುತ್ತಲೇ ಇರುತ್ತದೆ. ಹಾಗಾದರೆ ಸೆಕೆಯೂ ಅಲ್ಲಿಯವರೆಗೆ ಏರಬೇಕು, ಅಲ್ವಾ? ದೆಹಲಿಯವರಿಗೆ ಜೂನಿನಲ್ಲೂ ಬೇಯುವ ಯೋಗ. ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಗಿದ್ದು 2016ರ ಏಪ್ರಿಲ್‌ನಲ್ಲಿ. ನಮ್ಮ ಬೇಸಿಗೆ ಮುಗಿಯೋದು ಸೂರ್ಯ ಹಿಂದೆ ಸರಿದಾಗ ಅಲ್ಲ, ಮೋಡ ಅಡ್ಡ ಬಂದಾಗ.

ಆ ಮೋಡ ಹುಟ್ಟೋದೂ ಈ ಬಿಸಿಲಿನಿಂದಲೇ. ಬೆಳಗ್ಗೆಯಿಂದ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿ ಹಗುರವಾಗಿ ಏರುತ್ತದೆ. ಏಪ್ರಿಲ್ ಕೊನೆಗೆ ಅದರಲ್ಲಿ ಸಮುದ್ರದ ಕಡೆಯಿಂದ ಬಂದ ತೇವವೂ ಸೇರಿರುತ್ತದೆ. ಮಧ್ಯಾಹ್ನ ಹತ್ತಿ ಉಂಡೆಯಷ್ಟಿದ್ದ ಮೋಡ ಸಂಜೆಗೆ ಹತ್ತು ಕಿಲೋಮೀಟರಿಗೂ ಎತ್ತರ ಬೆಳೆದು ಕಪ್ಪಾಗುತ್ತದೆ. ಮೊದಲ ಹನಿಗೂ ಮುಂಚೆ ತಣ್ಣನೆ ಗಾಳಿ ಬೀಸಿ ಕಿಟಕಿ ಬಾಗಿಲು ದಢಾರನೆ ಬಡಿಯುತ್ತವಲ್ಲ, ಅದು ಆ ಮೋಡದ ಒಳಗಿಂದಲೇ ಬಿದ್ದ ಗಾಳಿ. ಸುರಿಯುವ ಹನಿಗಳಲ್ಲಿ ಒಂದಷ್ಟು ದಾರಿಯಲ್ಲೇ ಆವಿಯಾಗುತ್ತವೆ. ಹಾಗೆ ಆವಿಯಾಗಲು ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದಲೇ ಹೀರುತ್ತವೆ. ತಂಪಾದ ಗಾಳಿ ಭಾರವಾಗಿ ಕೆಳಗೆ ಕುಸಿದು, ನೆಲಕ್ಕೆ ಬಡಿದು ನಾಲ್ಕೂ ಕಡೆ ನುಗ್ಗುತ್ತದೆ. ಮಣ್ಣಿನ ಘಮದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಬಿಡಿ. ನನಗೆ ಇಷ್ಟ ಈ ಗಾಳಿ.

ಅಮ್ಮನಿಗೆ ಈ ಕಾಲ ಗೊತ್ತಾಗೋದು ಗೋಡೆಯ ಕ್ಯಾಲೆಂಡರಿನಿಂದ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ಮಳೆ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಏಪ್ರಿಲ್ 14ರ ಹೊತ್ತಿಗೆ ಅಶ್ವಿನಿ, 27ಕ್ಕೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’, ‘ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ’. ಅಶ್ವಿನಿಗೆ ಮಾತ್ರ ‘ಸಸ್ಯನಾಶಿನಿ’ ಅಂತ ಕೆಟ್ಟ ಹೆಸರು.

ಇಲ್ಲೊಂದು ತಮಾಷೆಯಿದೆ. ನಕ್ಷತ್ರದ ಲೆಕ್ಕದ ವರ್ಷ, ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಭೂಮಿಯ ಅಕ್ಷ ಬುಗುರಿಯ ತಲೆಯಂತೆ ನಿಧಾನವಾಗಿ ಓಲಾಡುವುದೇ ಇದಕ್ಕೆ ಕಾರಣ. 72 ವರ್ಷಕ್ಕೆ ಒಂದು ದಿನ ತಪ್ಪುತ್ತದೆ, 500 ವರ್ಷಕ್ಕೆ ಒಂದು ವಾರ. ಅಂದರೆ 500 ವರ್ಷದ ಹಿಂದೆ ಭರಣಿಯ ಲೆಕ್ಕಕ್ಕೆ ಸೇರುತ್ತಿದ್ದ ಮಳೆಯಲ್ಲಿ ಅರ್ಧ ಈಗ ಅಶ್ವಿನಿಯ ಖಾತೆಗೆ ಬೀಳುತ್ತದೆ. ಪಾಪ, ಅಶ್ವಿನಿಯ ಹೆಸರು ಮಾತ್ರ ಇನ್ನೂ ಸುಧಾರಿಸಿಲ್ಲ! ಇದನ್ನು ಅಮ್ಮನಿಗೆ ಹೇಳಿದೆ. “ಇರಬಹುದಪ್ಪಾ, ಈ ಸಲ ಭರಣಿ ಚೆನ್ನಾಗೇ ಬಂತಲ್ಲ” ಅಂದರು.

ಮೇ ಮಧ್ಯದಲ್ಲಿ ಎರಡನೇ ಕಂತಿನ ಸಂಡಿಗೆ. ಅಷ್ಟರಲ್ಲಿ ಮಧ್ಯಾಹ್ನದ ಹೊತ್ತು ಕಂಬದ ಬುಡದಿಂದ ದಕ್ಷಿಣಕ್ಕೆ ಒಂದು ಗೇಣು ನೆರಳು ಬೆಳೆದಿತ್ತು. ಮೂರು ಗಂಟೆಗೆ ಮತ್ತೆ ನೋಡೋಣ ಅಂತ ಹತ್ತಿದರೆ ಬಿಸಿಲೇ ಇಲ್ಲ. ಪಂಚೆ ಪಟಪಟ ಹೊಡೆದುಕೊಳ್ಳುತ್ತಿತ್ತು. “ಲೋ, ಮೊದಲು ಸಂಡಿಗೆ ಎತ್ತೋ!” ಕೆಳಗಿಂದ ಅಮ್ಮನ ಕೂಗು. ಅರ್ಧ ಒಣಗಿದ್ದನ್ನು ತಂದು ಮಂಚದ ಮೇಲೆ ಹರವಿ ಫ್ಯಾನ್ ಹಾಕುವಷ್ಟರಲ್ಲಿ ಕರೆಂಟ್ ಹೋಯಿತು.