ಒಂದು ಶೋಗೆ ಎಷ್ಟು ಸಿಗುತ್ತದೆ, ಮನೆಗೆ ಎಷ್ಟು ಬರುತ್ತದೆ?

ಪ್ರಶ್ನೆ: ನಾವು ಇಂಡಿ ಕಡೆಯವರು, ಈಗ ಪುಣೆಯ ನಿಗಡಿಯಲ್ಲಿದ್ದೇವೆ. ಮಗನಿಗೆ 19 ವರ್ಷ, ಡಿಪ್ಲೊಮಾ ಮುಗಿದಿದೆ. ಟಿವಿಯಲ್ಲಿ ಬರುತ್ತಲ್ಲ, ಆ ಥರದ ರೆಸ್ಲರ್ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಯಾವ ದೊಡ್ಡ ಕಂಪನಿಗೂ ಸೇರದೆ, ತಾನೇ ಶೋ ಹಿಡಿದು ಆಡುವವರಿಗೆ ಒಂದು ಶೋಗೆ ಎಷ್ಟು ಸಿಗುತ್ತದೆ?

ಅಕ್ಕ, ಮೊದಲು ಅಂಕಿ ಹೇಳಿಬಿಡ್ತೀನಿ. ಈ ಆಟಕ್ಕೆ ದೊಡ್ಡ ಮಾರುಕಟ್ಟೆ ಇರುವುದು ಅಮೆರಿಕದಲ್ಲಿ. ಅಲ್ಲಿ ಸಣ್ಣ ಊರಿನ ಶೋನಲ್ಲಿ ಹೊಸಬನಿಗೆ 25ರಿಂದ 50 ಡಾಲರ್ ಸಿಕ್ಕರೆ ದೊಡ್ಡದು. ನಮ್ಮ ಲೆಕ್ಕದಲ್ಲಿ ಎರಡರಿಂದ ನಾಲ್ಕು ಸಾವಿರ ರೂಪಾಯಿ ಚಿಲ್ಲರೆ. ಏನೂ ಸಿಗದ ರಾತ್ರಿಗಳೂ ಇವೆ. ‘ಒಂದು ಹಾಟ್‌ಡಾಗ್, ಒಂದು ಶೇಕ್‌ಹ್ಯಾಂಡ್’ ಅಂತ ಅಲ್ಲಿನ ರೆಸ್ಲರ್‌ಗಳು ಅಂಥ ಕೂಲಿಗೆ ಹೆಸರೇ ಇಟ್ಟಿದ್ದಾರೆ. ಕೆಲವು ವರ್ಷ ಆಡಿ ಹೆಸರು ಮಾಡಿದವರಿಗೆ 100ರಿಂದ 300 ಡಾಲರ್. ಟಿವಿಯಲ್ಲಿ ಮಿಂಚಿ ಬಂದವರಿಗೆ ಸಾವಿರ ಡಾಲರ್, ಕೆಲವರಿಗೆ ಹಲವು ಸಾವಿರ. ನಮ್ಮ ದೇಶದಲ್ಲಿ ಹೊಸ ಹುಡುಗರಿಗೆ ಎಷ್ಟೋ ಸಲ ಊಟ, ಮಲಗಲು ಜಾಗ, ಬಸ್ ಚಾರ್ಜ್, ಅಷ್ಟೇ.

ಆದರೆ ಈ ಅಂಕಿ ಇಟ್ಟುಕೊಂಡು ಏನೂ ತೀರ್ಮಾನ ಮಾಡಬೇಡಿ. ಕೈಗೆ ಬಂದದ್ದರಲ್ಲಿ ಮನೆವರೆಗೆ ಎಷ್ಟು ಉಳಿಯಿತು ಅಂತ ನೋಡಬೇಕು.

ಲೆಕ್ಕ ಹಾಕೋಣ. ದಿಲ್ಲಿಯಲ್ಲಿ ಶೋ, 3,000 ರೂಪಾಯಿ ಕೊಡ್ತೀವಿ ಅಂದರು ಅಂತಿಟ್ಟುಕೊಳ್ಳಿ. ಪುಣೆಯಿಂದ ಹೋಗಲು ಒಂದು ದಿನ, ಬರಲು ಒಂದು ದಿನ. ಸ್ಲೀಪರ್ ಟಿಕೆಟ್ ಎರಡೂ ಕಡೆ ಸೇರಿ ಸಾವಿರ ದಾಟುತ್ತದೆ. ದಾರಿಯ ಊಟ, ಆಟೋ, ಮೊಣಕೈ ಮೊಣಕಾಲಿಗೆ ಸುತ್ತುವ ಟೇಪು. ಉಳಿಯುವುದು ಹೆಚ್ಚೆಂದರೆ ಒಂದು ಸಾವಿರ. ಅದಕ್ಕೆ ಮೂರು ದಿನದ ರಜೆ, ಮೂರು ದಿನದ ಪಗಾರ ಹೋಯ್ತು. ತಿಂಗಳಿಗೆ ಇಂಥ ಎಷ್ಟು ಶೋ ಸಿಗುತ್ತವೆ? ಅಮೆರಿಕದಲ್ಲಿ ಒಂದೇ ವಾರಾಂತ್ಯದಲ್ಲಿ ಎರಡು ಮೂರು ಊರು ಸುತ್ತಿ ಆಡುವವರಿದ್ದಾರೆ. ಇಲ್ಲಿ ಅಷ್ಟು ಶೋಗಳೇ ಇಲ್ಲ.

ಹಾಗಾದರೆ ಅವರು ಬದುಕುವುದು ಹೇಗೆ? ಬಹಳ ಜನಕ್ಕೆ ಶೋ ದುಡ್ಡಿಗಿಂತ ಟೇಬಲ್ ದುಡ್ಡೇ ಜಾಸ್ತಿ. ಬಾಗಿಲ ಹತ್ತಿರ ಒಂದು ಮೇಜು ಹಾಕಿ ತಮ್ಮ ಹೆಸರಿನ ಟೀ ಶರ್ಟ್, ಸಹಿ ಮಾಡಿದ ಫೋಟೋ ಮಾರುತ್ತಾರೆ. 200 ರೂಪಾಯಿಗೆ ಮಾಡಿಸಿದ ಶರ್ಟ್ 500ಕ್ಕೆ ಹೋದರೆ, ಹತ್ತು ಶರ್ಟಿಗೆ 3,000 ಲಾಭ. ಜನಕ್ಕೆ ನಿಮ್ಮ ಹುಡುಗನ ಮುಖ ನೆನಪಿದ್ದರೆ ಮಾತ್ರ ಅದು ಮಾರಾಟ ಆಗುತ್ತದೆ, ಅಲ್ವಾ? ಈ ದಾರಿಯಲ್ಲಿ ದೊಡ್ಡದಾಗಿ ಗೆದ್ದವರೂ ಇದ್ದಾರೆ. ಅಮೆರಿಕದ ರೆಸ್ಲರ್ ಕೋಡಿ ರೋಡ್ಸ್ 2016ರಲ್ಲಿ ಅಲ್ಲಿನ ಅತಿ ದೊಡ್ಡ ರೆಸ್ಲಿಂಗ್ ಕಂಪನಿ ಡಬ್ಲ್ಯೂಡಬ್ಲ್ಯೂಇ ಬಿಟ್ಟು ಹೊರಬಂದರು. ಯಂಗ್ ಬಕ್ಸ್ ಅನ್ನುವ ರೆಸ್ಲರ್ ಅಣ್ಣತಮ್ಮಂದಿರ ಜೊತೆ ಸೇರಿ 2018ರ ಸೆಪ್ಟೆಂಬರ್‌ನಲ್ಲಿ ಶಿಕಾಗೋ ಹತ್ತಿರ ತಾವೇ ಒಂದು ಶೋ ಮಾಡಿದರು. ಹತ್ತು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಆದರೆ ಅದರ ಹಿಂದೆ ಎಷ್ಟೋ ವರ್ಷಗಳ ಸಣ್ಣ ಹಾಲ್‌ಗಳ ದುಡಿತ ಇತ್ತು.

ನಮ್ಮ ಪುಣೆಗೂ ಒಮ್ಮೆ ಇದರ ಗಾಳಿ ಬೀಸಿತ್ತು. ಅಮೆರಿಕದ ಇನ್ನೊಂದು ರೆಸ್ಲಿಂಗ್ ಕಂಪನಿ ಟಿಎನ್‌ಎ ‘ರಿಂಗ್ ಕಾ ಕಿಂಗ್’ ಅಂತ ಟಿವಿ ಕಾರ್ಯಕ್ರಮ ಮಾಡಿ, ಇಲ್ಲೇ ಬಾಲೇವಾಡಿ ಕ್ರೀಡಾಂಗಣದಲ್ಲಿ ಚಿತ್ರೀಕರಿಸಿತು. 2012ರ ಜನವರಿಯಿಂದ ಕಲರ್ಸ್ ಚಾನೆಲ್‌ನಲ್ಲಿ ಬಂತು. ಒಂದೇ ಸೀಸನ್‌ಗೆ ನಿಂತುಹೋಯಿತು. ಆಮೇಲೆ ಡಬ್ಲ್ಯೂಡಬ್ಲ್ಯೂಇನಲ್ಲಿ ಆಡಿ ಬಂದ ನಮ್ಮ ದೇಶದ ಗ್ರೇಟ್ ಖಲಿ 2015ರಲ್ಲಿ ಜಲಂಧರ್‌ನಲ್ಲಿ ತರಬೇತಿ ಶಾಲೆ ತೆರೆದರು. ಅಲ್ಲಿ ಕಲಿತ ಹರಿಯಾಣದ ಕವಿತಾ ದೇವಿ 2017ರಲ್ಲಿ ಡಬ್ಲ್ಯೂಡಬ್ಲ್ಯೂಇ ರಿಂಗ್‌ವರೆಗೆ ಹೋದರು. ದಾರಿ ಇದೆ, ಆದರೆ ತೀರಾ ಇಕ್ಕಟ್ಟು.

ಈಗ ನನಗೆ ನಿಜಕ್ಕೂ ಸಂಕಟ ಆಗುವ ವಿಷಯ. ಚಾಕಣ್‌ನಲ್ಲಿ ಕೆಲಸಕ್ಕಿದ್ದಾಗ ಎರಡು ವರ್ಷ ನಾನು ಭಾನುವಾರಗಳಲ್ಲಿ ಇಂಥ ಶೋಗಳಿಗೆ ರಿಂಗ್ ಕಟ್ಟಲು ಹೋಗುತ್ತಿದ್ದೆ. ಟಿವಿಯಲ್ಲಿ ನೋಡಿದರೆ ರಿಂಗ್ ಹಾಸಿಗೆಯಂತೆ ಕಾಣುತ್ತದೆ. ಹತ್ತಿರ ಬಂದು ನೋಡಿ: ಕಬ್ಬಿಣದ ಚೌಕಟ್ಟು, ಮೇಲೆ ಹಲಗೆ, ಅದರ ಮೇಲೆ ತೆಳ್ಳಗೆ ಫೋಮ್, ಮೇಲೊಂದು ಕ್ಯಾನ್ವಾಸ್. ಅಷ್ಟೇ. ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಗಿರುತ್ತದೆ ನಿಜ. ಆದರೆ ಹಲಗೆಗೆ ಬೆನ್ನು ಬಡಿಯುವುದು ಸುಳ್ಳಲ್ಲ. ಎದೆಗೆ ಹೊಡೆದ ಏಟಿಗೆ ಐದೂ ಬೆರಳು ಕೆಂಪಗೆ ಮೂಡಿರುವುದನ್ನು ನಾನೇ ನೋಡಿದ್ದೇನೆ. ಒಂದು ಸಂಜೆ ಒಬ್ಬ ಹುಡುಗ ಹಗ್ಗದ ಮೇಲಿಂದ ಹಾರಿ ಭುಜದ ಮೇಲೆ ಬಿದ್ದ. ಕುತ್ತಿಗೆ ಕೆಳಗಿನ ಎಲುಬು ಮುರಿಯಿತು. ಶೋ ಮಾಡಿಸಿದವರು ರಿಕ್ಷಾ ಬಾಡಿಗೆ ಕೊಟ್ಟರು, ಮತ್ತೆ ಫೋನ್ ಎತ್ತಲಿಲ್ಲ. ಆಸ್ಪತ್ರೆ ಬಿಲ್ಲಿಗೆ ನಾವು ರಿಂಗ್ ಕಟ್ಟುವ ಹುಡುಗರು ಪಟ್ಟಿ ಎತ್ತಿದೆವು.

ಕಂಪನಿಗೆ ಸೇರದೆ ಆಡುವವರನ್ನು ಇಂಡಿಪೆಂಡೆಂಟ್ ಅನ್ನುತ್ತಾರೆ. ಆ ಮಾತಿನ ಇನ್ನೊಂದು ಮುಖ ಇದು. ನಿಮ್ಮ ಮನೆಯವರು ಫ್ಯಾಕ್ಟರಿಯಲ್ಲಿದ್ದರೆ ಗೊತ್ತಿರುತ್ತದೆ, ಪಿಎಫ್ ಇರುತ್ತದೆ, ಇಎಸ್‌ಐ ಇರುತ್ತದೆ. ಇಲ್ಲಿ ಎರಡೂ ಇಲ್ಲ. ಡಬ್ಲ್ಯೂಡಬ್ಲ್ಯೂಇ ಕೂಡ ತನ್ನ ರೆಸ್ಲರ್‌ಗಳನ್ನು ನೌಕರರು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ಗುತ್ತಿಗೆಯವರು ಅನ್ನುತ್ತದೆ. 1986ರಲ್ಲಿ ಅಲ್ಲಿನ ರೆಸ್ಲರ್ ಜೆಸ್ಸಿ ವೆಂಚುರಾ ರೆಸ್ಲರ್‌ಗಳ ಯೂನಿಯನ್ ಕಟ್ಟಲು ಹೋದರು, ಆಗಲಿಲ್ಲ. ಅವರು ಮುಂದೆ ಮಿನೆಸೋಟಾ ರಾಜ್ಯದ ಗವರ್ನರ್ ಆದರು. ಯೂನಿಯನ್ ಮಾತ್ರ ಇವತ್ತಿಗೂ ಇಲ್ಲ.

ಮನೆಯ ಆರೋಗ್ಯ ವಿಮೆ ಇದೆಯಲ್ಲ ಅಂತ ಧೈರ್ಯದಿಂದ ಇರಬೇಡಿ. ಅಪಾಯದ ಆಟವನ್ನು ವೃತ್ತಿಯಾಗಿ ಆಡಿ ಆದ ಗಾಯಕ್ಕೆ ದುಡ್ಡಿಲ್ಲ ಅನ್ನುವ ಷರತ್ತು ಸಾಮಾನ್ಯವಾಗಿ ಪಾಲಿಸಿಗಳಲ್ಲಿ ಇರುತ್ತದೆ. ರೆಸ್ಲಿಂಗ್ ಅದರಲ್ಲಿ ಸೇರುತ್ತದೆಯೇ ಅಂತ ಇಮೇಲ್ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ. ಏಜೆಂಟ್ ಬಾಯಿಮಾತು ಬೇಡ.

ನಮ್ಮ ಕಾಕಾ ಪೈಲ್ವಾನರಾಗಿದ್ದರು, ಜಾತ್ರೆ ಕುಸ್ತಿಯವರು. ಅವರೂ ಯಾರ ನೌಕರರೂ ಅಲ್ಲ. ಆದರೆ ಯಾವ ಜೋಡಿಗೆ ಎಷ್ಟು ಇನಾಮು ಅಂತ ಊರವರು ಮೊದಲೇ ಸಾರುತ್ತಿದ್ದರು. ಚಿತ್ ಮಾಡಿದ ಮೇಲೆ ಮೈದಾನದ ಸುತ್ತ ಒಂದು ಸುತ್ತು ಬಂದರೆ ಜನ ಹತ್ತು, ಇಪ್ಪತ್ತರ ನೋಟು ಕೈಗೆ ತುರುಕುತ್ತಿದ್ದರು. ಬೆವರಿಗೆ ನೋಟುಗಳಿಗೆಲ್ಲ ಕೆಂಪು ಮಣ್ಣು ಹತ್ತಿರುತ್ತಿತ್ತು. ಕಾಕು ಒಂದೊಂದನ್ನೇ ಸೆರಗಿನಿಂದ ಒರೆಸಿ ಡಬ್ಬಿಗೆ ಹಾಕುತ್ತಿದ್ದರು. ಖುರಾಕಿಗೇ, ಅಂದರೆ ಪೈಲ್ವಾನರ ಊಟಕ್ಕೇ, ಅದರಲ್ಲಿ ಅರ್ಧ ಹೋಗುತ್ತಿತ್ತು. ಹುಡುಗರು ಮಾತ್ರ 2023ರ ಜನವರಿಯಲ್ಲಿ ಪುಣೆಯ ಕೋಥ್ರೂಡ್‌ನಲ್ಲಿ ಮಹಾರಾಷ್ಟ್ರ ಕೇಸರಿ ಕುಸ್ತಿ ಪಟ್ಟ ಗೆದ್ದ ಶಿವರಾಜ್ ರಾಕ್ಷೆಗೆ ಇನಾಮಾಗಿ ಸಿಕ್ಕ ಥಾರ್ ಗಾಡಿ, 5 ಲಕ್ಷ ರೂಪಾಯಿ ನೋಡುತ್ತಾರೆ. ಗೆಲ್ಲುವವನು ವರ್ಷಕ್ಕೆ ಒಬ್ಬನೇ ಅಲ್ವಾ ಅಕ್ಕ?

ಮಗನಿಗೆ ಬೇಡ ಅನ್ನಬೇಡಿ. 19ರಲ್ಲಿ ಬೇಡ ಅಂದರೆ ಮನೆ ಬಿಟ್ಟಾದರೂ ಹೋಗುತ್ತಾನೆ. ಕೆಲಸಕ್ಕೆ ಸೇರಿಕೊಂಡೇ ಕಲಿಯಲಿ. ತರಬೇತಿಗೆ ಫೀಸು ಕಟ್ಟುವ ಮೊದಲು ಬೀಳುವುದನ್ನು ಯಾರು ಕಲಿಸುತ್ತಾರೆ, ಅವರೇ ಎಷ್ಟು ವರ್ಷ ಆಡಿದ್ದಾರೆ ಅಂತ ವಿಚಾರಿಸಿ. ಶೋ ಒಪ್ಪಿಕೊಳ್ಳುವಾಗ ಮೂರು ವಿಷಯ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಲಿ: ದುಡ್ಡು ಎಷ್ಟು, ಪ್ರಯಾಣ ಯಾರದು, ಗಾಯ ಆದರೆ ಬಿಲ್ ಯಾರದು. ಮೂರನೆಯದಕ್ಕೆ ಉತ್ತರ ಕೊಡದವರ ಶೋ ಬೇಡವೇ ಬೇಡ. ಅದಕ್ಕೂ ಮೊದಲು, ಹತ್ತಿರದಲ್ಲಿ ಎಲ್ಲಾದರೂ ಶೋ ಇದ್ದರೆ ಬೆಳಿಗ್ಗೆ ಏಳಕ್ಕೆ ರಿಂಗ್ ಕಟ್ಟುವ ಹುಡುಗರ ಜೊತೆ ಕಳಿಸಿ. ಹಲಗೆ ಹೊರಲಿ, ಕ್ಯಾನ್ವಾಸ್ ಬಿಗಿಯಲಿ. ಕಟ್ಟಿ ಮುಗಿದ ಮೇಲೆ ಬಲ್ಲವರ ಕಣ್ಣೆದುರು ಅದರ ಮೇಲೆ ಒಂದು ಸಲ ಬೆನ್ನು ಹಾಕಿ ಬಿದ್ದು ನೋಡಲಿ. ಸಂಜೆ ಮನೆಗೆ ಬಂದು ಏನು ಹೇಳುತ್ತಾನೆ ಅಂತ ಕೇಳಿ, ನನಗೂ ಬರೆಯಿರಿ.