ಪದ ಪರಿಚಯ: ಕ್ಲಿಯರ್ ಏರ್ ಟರ್ಬ್ಯುಲೆನ್ಸ್

ವಿಮಾನ ಕುಲುಕಿದ ಕೂಡಲೇ ಪಕ್ಕದ ಸೀಟಿನವರು ‘ಏರ್ ಪಾಕೆಟ್’ ಅಂದುಬಿಡುತ್ತಾರೆ. ಆಕಾಶದಲ್ಲಿ ಗಾಳಿಯೇ ಇಲ್ಲದ ಗುಂಡಿ ಇದೆ, ವಿಮಾನ ಅದಕ್ಕೆ ಬಿತ್ತು ಅನ್ನೋ ಕಲ್ಪನೆ ಅದು. ಅಂಥ ಗುಂಡಿ ಎಲ್ಲೂ ಇಲ್ಲ. ಮೋಡವಿಲ್ಲದ ತಿಳಿ ಆಕಾಶದಲ್ಲಿ ಗಾಳಿಯೇ ಕದಡಿ ವಿಮಾನವನ್ನು ಅಲ್ಲಾಡಿಸುತ್ತದೆ. ಅದಕ್ಕೇ ಕ್ಲಿಯರ್ ಏರ್ ಟರ್ಬ್ಯುಲೆನ್ಸ್ ಎಂಬ ಹೆಸರು. ಚಿಕ್ಕದಾಗಿ ‘ಕ್ಯಾಟ್’.

ಇದರ ತವರು ಹೆಚ್ಚಾಗಿ ಜೆಟ್ ಸ್ಟ್ರೀಮ್‌ನ ಅಂಚು. ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಹೊಳೆ ಇದು. ಗಂಟೆಗೆ 200 ಕಿ.ಮೀ. ಮೀರುವುದೂ ಉಂಟು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೂ ಹಾಯುತ್ತದೆ. ಆಗ ದೆಹಲಿಯಿಂದ ಕೋಲ್ಕತ್ತಾಗೆ ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಎದುರಿಗೆ. ಹೀಗಾಗಿ ವಾಪಸ್ ಬರೋಕೆ ಹೊತ್ತು ಜಾಸ್ತಿ. ಹೊಳೆಯ ನಡುವೆ ಪಯಣ ನುಣುಪಾಗಿಯೇ ಇರಬಹುದು. ಅಂಚಿನಲ್ಲಿ ಮಾತ್ರ ಕೆಲವು ನೂರು ಮೀಟರ್ ಏರಿದರೂ ಇಳಿದರೂ ಗಾಳಿಯ ವೇಗ ತೀರಾ ಬೇರೆ.

ವೇಗ ಬೇರೆಯಾದ ಮಾತ್ರಕ್ಕೆ ಗಾಳಿ ಕದಡುವುದಿಲ್ಲ. ಅದನ್ನು ತಡೆಯುವ ಗುಣವೊಂದಿದೆ, ಅದೇ ಸ್ಥಿರತೆ. ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಮೇಲೆ ಹಗುರ ಗಾಳಿ, ಕೆಳಗೆ ಭಾರದ ಗಾಳಿ ಇದ್ದರೆ ಎರಡೂ ನೀರಿನ ಮೇಲಿನ ಎಣ್ಣೆಯ ಹಾಗೆ ಪದರವಾಗಿ ಕೂರುತ್ತವೆ. ಮೇಲಕ್ಕೆ ತಳ್ಳಿದ ಗಾಳಿ ತನ್ನ ಜಾಗಕ್ಕೇ ಮರಳುತ್ತದೆ. ಆದರೆ ಮೇಲಿನ ಪದರ ತೀರಾ ಜೋರಾಗಿ ಓಡಿದರೆ, ಕೆರೆಯ ಮೇಲೆ ಗಾಳಿ ಬೀಸಿದಂತೆ, ನಡುವೆ ಅಲೆ ಏಳುತ್ತದೆ. ಅಲೆ ಬೆಳೆದು, ಸುರುಳಿ ಸುತ್ತಿ, ಕಡಲತೀರದಲ್ಲಿ ಒಡೆದಂತೆ ಒಡೆಯುತ್ತದೆ. ವಿಮಾನ ಅದರೊಳಗೆ ನುಗ್ಗಿದಾಗ ಬೀಳುವ ಏಟೇ ಕ್ಯಾಟ್. ಸ್ಥಿರತೆಗೂ ವೇಗದ ಅಂತರಕ್ಕೂ ನಡೆಯುವ ಈ ಹಗ್ಗಜಗ್ಗಾಟವನ್ನು ಅಳೆಯುವುದು ರಿಚರ್ಡ್‌ಸನ್ ಸಂಖ್ಯೆ. ಅದು 0.25ಕ್ಕಿಂತ ಕೆಳಗಿಳಿದರೆ ಸ್ಥಿರತೆ ಸೋಲಬಹುದು.

ಏಪ್ರಿಲ್ ಮಧ್ಯಾಹ್ನ ದೇವನಹಳ್ಳಿಯಲ್ಲಿ ಇಳಿಯುವಾಗಲೂ ಕುಲುಕುತ್ತದೆ ಅಲ್ವಾ? ಅದು ಬೇರೆ. ಕಾದ ನೆಲದಿಂದ ಏಳುವ ಬಿಸಿಗಾಳಿಯ ಕೆಲಸ ಅದು. ಅಲ್ಲಿ ಸ್ಥಿರತೆಯೇ ಇರುವುದಿಲ್ಲ.

ಉತ್ತರ ಅಟ್ಲಾಂಟಿಕ್ ಮೇಲೆ ತೀವ್ರ ಕ್ಯಾಟ್ ಇರುವ ಹೊತ್ತು 1979ರಿಂದ 2020ರೊಳಗೆ ಶೇ. 55ರಷ್ಟು ಹೆಚ್ಚಿದೆ ಎಂದು ಬ್ರಿಟನ್‌ನ ರೆಡಿಂಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2023ರಲ್ಲಿ ಲೆಕ್ಕ ಕೊಟ್ಟರು. ಭೂಮಿ ಬಿಸಿಯಾದಷ್ಟೂ ಜೆಟ್ ಸ್ಟ್ರೀಮ್‌ನಲ್ಲಿ ಮೇಲಿನ-ಕೆಳಗಿನ ಗಾಳಿಯ ವೇಗದ ಅಂತರ ಹೆಚ್ಚುತ್ತಿರುವುದು ಇದಕ್ಕೆ ಕಾರಣ ಎನ್ನುತ್ತಾರೆ ಅವರು.

ವಿಮಾನದ ರಾಡಾರ್ ಹುಡುಕುವುದು ಮಳೆಹನಿಗಳನ್ನು. ತಿಳಿ ಗಾಳಿಯಲ್ಲಿ ಅದಕ್ಕೆ ಏನೂ ಕಾಣುವುದಿಲ್ಲ. ಹವಾಮಾನ ಮುನ್ಸೂಚನೆ ಬಿಟ್ಟರೆ ಪೈಲಟ್ ಹೆಚ್ಚಾಗಿ ನೆಚ್ಚಿಕೊಳ್ಳುವುದು, ಅದೇ ದಾರಿಯಲ್ಲಿ ಸ್ವಲ್ಪ ಮುಂಚೆ ಹೋದ ವಿಮಾನದವರು ರೇಡಿಯೊದಲ್ಲಿ ಹೇಳಿದ ಒಂದೆರಡು ಮಾತನ್ನು.