ಎಕ್ಸ್‌-ರೇ ಯಂತ್ರಕ್ಕೆ ಆವಿಗೆಯ ಹೆಸರು ಗೊತ್ತಿಲ್ಲ

ಚೀನಾದ ಹಳೆಯ ಪಿಂಗಾಣಿಯನ್ನು ಪರೀಕ್ಷೆಗೆ ತರುವವರು, ಎಕ್ಸ್‌-ರೇ ಫ್ಲೋರೆಸೆನ್ಸ್ ಯಂತ್ರವನ್ನು ಬಟ್ಟಲಿಗೆ ಹಿಡಿದ ಕೂಡಲೇ ಊರು, ಕಾಲ ಎರಡೂ ಪರದೆಯ ಮೇಲೆ ಮೂಡುತ್ತವೆಂದು ನಂಬಿರುತ್ತಾರೆ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗದು. ಯಂತ್ರ ಕೊಡುವುದು ಧಾತುಗಳ ಪ್ರಮಾಣವನ್ನು ಮಾತ್ರ. ಆ ಅಂಕಿಗಳನ್ನು ಮೂಲ ಖಚಿತವಾಗಿರುವ ಚೂರುಗಳ, ಅಂದರೆ ಆವಿಗೆಗಳ ಪಕ್ಕದ ಕಸದ ರಾಶಿಯಲ್ಲಿ ಉತ್ಖನನದಿಂದ ಸಿಕ್ಕ ಚೂರುಗಳ, ಅಂಕಿಗಳೊಂದಿಗೆ ಹೋಲಿಸಿದಾಗಲಷ್ಟೇ ಮೂಲದ ಮಾತು ಆರಂಭವಾಗುತ್ತದೆ. ಸಾಂಗ್ ರಾಜವಂಶದ ಕಾಲದ ‘ರು’ ಎಂಬ ಪ್ರಸಿದ್ಧ ಪಾತ್ರೆಗಳ ಆವಿಗೆ ಹೆನಾನ್ ಪ್ರಾಂತ್ಯದ ಛಿಂಗ್‌ಲಿಯಾಂಗ್‌ಸಿಯಲ್ಲಿದೆಯೆಂದು ಗುರುತಿಸಿದ್ದು 1980ರ ದಶಕದಲ್ಲಿ; ಅದಕ್ಕೆ ಮೊದಲು ಎಂಥ ಯಂತ್ರವಿದ್ದರೂ ಅವನ್ನು ಹೋಲಿಸಲು ಆ ನೆಲದ ಉತ್ಖನನದಲ್ಲಿ ಸಿಕ್ಕ ಚೂರೇ ಇರಲಿಲ್ಲ.

ಚೀನಾದ ಉತ್ತರ, ದಕ್ಷಿಣ ಭಾಗಗಳ ಪಾತ್ರೆಗಳನ್ನು ಬೇರ್ಪಡಿಸುವುದು ಹೋಲಿಕೆಯಲ್ಲಿ ಸುಲಭ. ಉತ್ತರದ ‘ಡಿಂಗ್’ ಎಂಬ ಬಿಳಿ ಪಾತ್ರೆಗಳ ಮಣ್ಣಿನಲ್ಲಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಸಾಮಾನ್ಯವಾಗಿ ಶೇಕಡ 25ಕ್ಕಿಂತ ಹೆಚ್ಚಿದ್ದು, ಟೈಟಾನಿಯಂ ಕೂಡ ಕಣ್ಣಿಗೆ ಬೀಳುವಷ್ಟಿರುತ್ತದೆ. ದಕ್ಷಿಣದಲ್ಲಿ ಪಿಂಗಾಣಿಗೆ ಹೆಸರಾದ ಊರು ಜಿಂಗ್‌ಡೆಜೆನ್‌ನಲ್ಲಿ ಅಲ್ಯೂಮಿನಾ ಶೇಕಡ 20ರ ಆಸುಪಾಸು, ಟೈಟಾನಿಯಂ ಅತ್ಯಲ್ಪ. ಆದರೆ ಇದು ಮಣ್ಣಿನ ಲೆಕ್ಕವೇ ಹೊರತು ಹೊಳಪಿನ ಲೇಪದ್ದಲ್ಲ. ಯಂತ್ರದ ಕಿರಣ ಲೇಪವನ್ನು ದಾಟಿ ಮಣ್ಣಿನ ಹಗುರ ಧಾತುಗಳ ಸುದ್ದಿ ತರಲಾರದು. ಬಟ್ಟಲಿನಲ್ಲಿ ಮಣ್ಣು ಬರಿದಾಗಿ ಕಾಣುವುದು ಬಹುಮಟ್ಟಿಗೆ ತಳದ ಬಳೆಯಂಚಿನಲ್ಲಿ. ನಮ್ಮ ಸಂಗ್ರಾಹಕರಿಗೆ ತಮ್ಮ ಸಂಗ್ರಹದ ಸಂಖ್ಯೆ ಬರೆಯಲು ಸಿಗುವ ಜಾಗವೂ ಅದೇ. ಒಮ್ಮೆ ಆಕಾರ, ಲೇಪ ಎರಡರಲ್ಲೂ ಜಿಂಗ್‌ಡೆಜೆನ್‌ನದೇ ಎನ್ನುವಂಥ ಬಟ್ಟಲೊಂದು ಉತ್ತರದವರೂ ನಾಚುವಷ್ಟು ಟೈಟಾನಿಯಂ ತೋರಿಸಿತು. ಭೂತಗನ್ನಡಿ ಹಿಡಿದು ನೋಡಿದರೆ, ಅಳಿಸಿಹೋದ ಸಂಖ್ಯೆಯ ಕೆಳಗೆ ಬಳಿದಿದ್ದ ಬಿಳಿ ಬಣ್ಣದ ತೆಳು ಪದರ ಇನ್ನೂ ಅಂಟಿಕೊಂಡಿತ್ತು. ಇಂದಿನ ಬಿಳಿ ಬಣ್ಣವೆಂದರೆ ಬಹುತೇಕ ಟೈಟಾನಿಯಂ ಡೈಆಕ್ಸೈಡ್. ಒಡೆಯರು ಮಾತ್ರ ಮುದ್ರಿತ ಹಾಳೆಯಲ್ಲಿದ್ದ ಮೊದಲ ಅಂಕಿಯನ್ನೇ ನಂಬಲು ಸಿದ್ಧರಿದ್ದರು, ಪಾಪ.

ಅಂಕಿ ಹೊಂದಿದಾಗಲೂ ವರದಿಯಲ್ಲಿ ನಾವು "ಜಿಂಗ್‌ಡೆಜೆನ್‌ನ ಮಣ್ಣಿಗೆ ಹೊಂದುತ್ತದೆ" ಎಂದಷ್ಟೇ ಬರೆಯುತ್ತೇವೆ, ಏಕೆಂದರೆ ಅಲ್ಲಿ ಇಂದಿಗೂ ಪಿಂಗಾಣಿ ತಯಾರಾಗುತ್ತದೆ ಮತ್ತು ನಕಲು ಮಾಡುವವನೂ ಅದೇ ಸುತ್ತಿನ ಮಣ್ಣನ್ನು ಕಲಸಬಲ್ಲ. "ಹೊಂದುವುದಿಲ್ಲ" ಎಂಬ ಮಾತನ್ನು ಇದಕ್ಕಿಂತ ಧೈರ್ಯವಾಗಿ ಹೇಳಬಹುದು. ಕಾಲ ನಿರ್ಣಯಕ್ಕೆ, ಕಾಯಿಸಿದಾಗ ಹೊರಬರುವ ಬೆಳಕನ್ನು ಅಳೆಯುವ ಥರ್ಮೊಲ್ಯುಮಿನೆಸೆನ್ಸ್ ಎಂಬ ಬೇರೆ ಪರೀಕ್ಷೆಯಿದ್ದು, ಪಿಂಗಾಣಿಗೆ ಅದನ್ನು ಮಾಡಲು ಚಿಕ್ಕ ತುಣುಕನ್ನು ಕೊರೆದು ತೆಗೆಯಬೇಕಾಗುತ್ತದೆ. ಎಕ್ಸ್‌-ರೇ ತಗುಲಿದರೆ ಅದರ ಫಲಿತಾಂಶ ಕೆಡುವ ಸಂಭವವಿರುವುದರಿಂದ, ಎರಡೂ ಪರೀಕ್ಷೆ ಬೇಕೆನ್ನುವವರು ದಯವಿಟ್ಟು ಆ ತುಣುಕನ್ನು ಮೊದಲೇ ತೆಗೆಸಿ, ಆಮೇಲೆ ನಮ್ಮಲ್ಲಿಗೆ ಬರಬೇಕು.